ಮಾದಪ್ಪನಿಗೆ ಹೆದರಿದ ನನ್ನ ಮಗಳು

ನನ್ನ ಮಗಳು ಸಿಂಚನ ಮೊದಲ ಸಲ ಬಿದ್ದದ್ದು ನಮ್ಮ ಹಿಪ್ಪುನೇರಳೆ ತೋಟದಲ್ಲಿ. ಆಗ ಅವಳು ಆರನೇ ಕ್ಲಾಸು. ರೇಷ್ಮೆ ಹುಳುಗಳಿಗೆ ಸೊಪ್ಪು ಕೊಯ್ಯಲು ಭಾನುವಾರ ಬೆಳಿಗ್ಗೆ ನನ್ನ ಜೊತೆ ಬಂದಿದ್ದಳು. ಏನೋ ಹಾಡಿಕೊಂಡು ಕೊಯ್ಯುತ್ತಿದ್ದವಳ ದನಿ ಇದ್ದಕ್ಕಿದ್ದಂತೆ ನಿಂತಿತು. ತಿರುಗಿ ನೋಡಿದರೆ ಸಾಲಿನ ನಡುವೆ ಬಿದ್ದಿದ್ದಾಳೆ. ಕೈಕಾಲು ಸೆಟೆದು ಅದುರುತ್ತಿವೆ, ಬಾಯಲ್ಲಿ ನೊರೆ. ನನ್ನ ಕೂಗು ಕೇಳಿ ಓಡಿಬಂದ ನಮ್ಮ ಯಜಮಾನರು ಅವಳನ್ನು ಎತ್ತಿಕೊಂಡು, ಆಟೋದಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ತಂದರು.

ನಾನು ಮುಳ್ಳೂರಿನ ಮಹದೇವಮ್ಮ. ಬೆಟ್ಟದ ಮೇಲೆ ನೆಲೆಸಿದ ಶಿವನೆಂದೇ ನಾವು ಪೂಜಿಸುವ ಮಾದಪ್ಪನನ್ನು ನಂಬಿದ ಮನೆಯಲ್ಲಿ ಹುಟ್ಟಿ, ಮಾದಪ್ಪನನ್ನು ನಂಬಿದ ಮನೆಗೇ ಸೊಸೆಯಾಗಿ ಬಂದವಳು. ನನ್ನ ಹಾಗೆ ಮಕ್ಕಳ ಕಾಯಿಲೆಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬೆಟ್ಟ ಹತ್ತುವ ತಾಯಂದಿರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಆಸ್ಪತ್ರೆಯ ಡಾಕ್ಟರಮ್ಮ, "ಇದು ಮೂರ್ಛೆ ರೋಗ. ಭಯ ಬೇಡ. ಮೈಸೂರಲ್ಲಿ ಒಂದು ಸ್ಕ್ಯಾನ್ ಮಾಡಿಸಿ. ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ" ಎಂದರು. ಸ್ಕ್ಯಾನಿನಲ್ಲಿ ಗೆಡ್ಡೆ ಗಿಡ್ಡೆ ಏನೂ ಕಾಣಲಿಲ್ಲ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ಶುರುವಾಯಿತು. ನಾನೇ ಕೈಗೆ ಕೊಟ್ಟು, ನೀರು ಕುಡಿಸಿ, ಹುಳುವಿನ ಮನೆಯ ಕೆಲಸಕ್ಕೆ ಹೋಗುತ್ತಿದ್ದೆ.

ನಮ್ಮ ಅತ್ತೆ ಗೌರಮ್ಮನವರಿಗೆ ಮೊಮ್ಮಗಳೆಂದರೆ ಪ್ರಾಣ. ಆ ಪ್ರಾಣಸಂಕಟದಲ್ಲೇ ಅವರು ಸಿಂಚನಳನ್ನು ಬಂಡಳ್ಳಿ ಕಡೆ ಶಾಸ್ತ್ರ ಹೇಳುವವನೊಬ್ಬನ ಹತ್ತಿರ ಕರೆದುಕೊಂಡು ಹೋದರು. ಅವನು ಕವಡೆ ಹಾಕಿ, "ನಿಮ್ ಇರೀಕ್ರು ಯಾರೋ ಅರಕೆ ಒತ್ತು ಮರ್ತವ್ರೆ. ಮಾದಪ್ಪ ಮುನುಸ್ಕಂಡು ಈ ಮಗಾನ ಇಡ್ದವ್ನೆ" ಎಂದನಂತೆ. ಮನೆಗೆ ಬಂದು ಅತ್ತೆ ಹೇಳಿದ್ದು ಇಷ್ಟೇ. ನಾವು ಬೆಟ್ಟಕ್ಕೆ ಹೋಗಿ ತಪ್ಪುಕಾಣಿಕೆ ಹಾಕಿ ಬಂದೆವು. ಸಿಂಚನ ಮತ್ತೆ ಬಿದ್ದಳು. ಶಾಲೆಯಲ್ಲಿ ಬಿದ್ದಳು, ಅಂಗಳದಲ್ಲಿ ಬಿದ್ದಳು. ನೀರಿನ ತೊಟ್ಟಿಯ ಅಂಚಿಗೆ ಬಿದ್ದು ಗಲ್ಲ ಸೀಳಿ ಹೊಲಿಗೆ ಹಾಕಿಸಬೇಕಾಯಿತು. ಡಾಕ್ಟರಮ್ಮ ಹುಬ್ಬು ಗಂಟಿಕ್ಕಿ, "ಮಾತ್ರೆ ಸರಿಯಾಗಿ ತಗೊಳ್ತಿದ್ರೆ ಹೀಗೆ ಬರಬಾರದಲ್ಲ" ಎಂದರು. ನಾನು ನನ್ನ ಕೈಯಾರೆ ಕೊಡುತ್ತಿದ್ದೇನೆ ಎಂದು ಆಣೆ ಮಾಡಿದೆ.

ಆ ಶ್ರಾವಣದಲ್ಲಿ ಊರ ಮಠದಲ್ಲಿ ಪುರಾಣ ನಡೆಯುತ್ತಿತ್ತು. ದಕ್ಷನ ಯಜ್ಞದ ಕಥೆ ಬಂದ ಸಂಜೆ ನಾವೆಲ್ಲ ಹೋಗಿದ್ದೆವು. ಶಿವನಿಗೆ ಅವಮಾನವಾದದ್ದು, ಸತೀದೇವಿ ಬೆಂಕಿಗೆ ಬಿದ್ದದ್ದು, ಜಟೆಯಿಂದ ವೀರಭದ್ರ ಎದ್ದು ಬಂದು ದಕ್ಷನ ತಲೆ ಕಡಿದದ್ದು, ಸೇರಿದವರ ಕಣ್ಣು ಕಿತ್ತು ಹಲ್ಲು ಉದುರಿಸಿದ್ದು, ಎಲ್ಲವನ್ನೂ ಪುರಾಣದವರು ಮೈ ನವಿರೇಳುವಂತೆ ಹೇಳಿದರು. ಮಂಗಳಾರತಿಯಾಯಿತು. ಸಿಂಚನ ಮನೆಗೆ ಬಂದು ಕೇಳಿದಳು:

"ಅವ್ವಾ, ದಕ್ಷ ತಪ್ ಮಾಡ್ದ, ಸರಿ. ಉಣ್ಣಕ್ ಬಂದು ಕುಂತಿದ್ದೋರ ಅಲ್ಲು ಯಾಕ್ ಉದ್ರುಸ್ಬೇಕಿತ್ತು? ನಮ್ ಇರೀಕ್ರು ಅರಕೆ ಮರ್ತ್ರೆ ನನ್ನ ಯಾಕ್ ಇಡ್ಕಬೇಕು?"

ಅತ್ತೆ, "ದೇವ್ರ ಮಾತು ಅಂಗೆಲ್ಲಾ ಕೇಳ್ಬಾರ್ದು, ಬುಡು" ಎಂದು ಬಾಯಿ ಮುಚ್ಚಿಸಿದರು. ಮಾರನೇ ದಿನ ಅವಳಿಗೆ ಮತ್ತೆ ಬಂತು. ಆಮೇಲೆ ನಾವು ಪುರಾಣಕ್ಕೆ ಹೋಗಲಿಲ್ಲ.

ನಿಜ ಹೇಳುತ್ತೇನೆ, ಅವಳ ಪ್ರಶ್ನೆ ನನ್ನೊಳಗೂ ಮುಳ್ಳಿನಂತೆ ಉಳಿಯಿತು. ದೀಪ ಹಚ್ಚುವಾಗ ಕೈ ತಾನಾಗಿ ಹಚ್ಚುತ್ತಿತ್ತು, ಮನಸ್ಸು ಪಟದ ಕಡೆ ನೋಡುತ್ತಿರಲಿಲ್ಲ. ಹನ್ನೊಂದು ವರ್ಷದ ಮಗುವನ್ನು ನೆಲಕ್ಕೆ ಕೆಡವಿ ಸೇಡು ತೀರಿಸಿಕೊಳ್ಳುವವನು ದೇವರು ಹೇಗಾದಾನು? ಹಾಗಲ್ಲದಿದ್ದರೆ ಪುರಾಣದಲ್ಲಿ ಅಷ್ಟು ರಕ್ತ ಯಾಕೆ? ಒಂದು ದಿನ ಹುಳುವಿನ ತಟ್ಟೆಗಳ ನಡುವೆ ಕುಳಿತು ಅತ್ತುಬಿಟ್ಟೆ. "ಮಾದಪ್ಪಾ, ಮಗಳನ್ನು ವಾಸಿ ಮಾಡು ಅಂತ ಕೇಳಿ ಕೇಳಿ ಸಾಕಾಯಿತು. ನೀನು ಎಂಥವನು ಅನ್ನುವುದನ್ನಾದರೂ ತಿಳಿಸು" ಎಂದೆ. ನನ್ನ ಪ್ರಾರ್ಥನೆ ಅಷ್ಟೇ.

ಕಾರ್ತಿಕದ ಸೋಮವಾರ ಅತ್ತೆಯ ಒತ್ತಾಯಕ್ಕೆ ಮತ್ತೆ ಬೆಟ್ಟಕ್ಕೆ ಹೊರಟೆವು. ಕೊಳ್ಳೇಗಾಲದ ಬಸ್‌ಸ್ಟ್ಯಾಂಡಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹನೂರಿನಲ್ಲಿ ಒಂದಷ್ಟು ಜನ ಇಳಿದ ಮೇಲೆ ಸಿಂಚನಳಿಗೆ ಕಿಟಕಿ ಪಕ್ಕ ಸೀಟು ಸಿಕ್ಕಿತು. ತಾಳಬೆಟ್ಟ ದಾಟಿ ತಿರುವುಗಳು ಶುರುವಾದಾಗ ಬಸ್ಸೆಲ್ಲ "ಉಘೇ ಮಾದಪ್ಪ" ಎಂದು ಕೂಗಿತು. ಅವಳು ಮಾತ್ರ ನನ್ನ ತೋಳಿಗೆ ಮುಖ ಒತ್ತಿಕೊಂಡು ಕುಳಿತಿದ್ದಳು. ವಾಂತಿ ಬರುತ್ತಿರಬೇಕು ಎಂದುಕೊಂಡೆ.

ಬೆಟ್ಟದಲ್ಲಿ ಸ್ನಾನ ಮುಗಿಸಿ ದರ್ಶನದ ಸಾಲಿನ ಹತ್ತಿರ ಬಂದೆವು. ಸಿಂಚನ ಕಂಬ ಹಿಡಿದುಕೊಂಡು ನಿಂತುಬಿಟ್ಟಳು.

"ನಾನ್ ಒಳಿಕ್ ಬರಲ್ಲ."

ಅತ್ತೆ ಗದರಿದರು, ಯಜಮಾನರು ರಮಿಸಿದರು. ಅವಳು ಜಗ್ಗಲಿಲ್ಲ. ಕಂಬದ ಬುಡದಲ್ಲಿ ಹಣೆತುಂಬ ವಿಭೂತಿ ಹಚ್ಚಿಕೊಂಡ ಮುದುಕಿಯೊಬ್ಬರು ಕಾಲು ಚಾಚಿ ಕೂತಿದ್ದರು. ಯಳಂದೂರಿನವರು, ಹೆಸರು ಚಿಕ್ಕತಾಯಮ್ಮ. ಮಂಡಿನೋವೆಂದು ಮನೆಯವರನ್ನು ಸಾಲಿಗೆ ಕಳಿಸಿ ಕಾಯುತ್ತಿದ್ದರು. ಅವರು ಸಿಂಚನಳನ್ನು ಪಕ್ಕಕ್ಕೆ ಕೂರಿಸಿಕೊಂಡರು.

"ಯಾಕವ್ವಾ ಓಗಲ್ಲ?"

"ಅವ್ನಿಗೆ ನನ್ ಮ್ಯಾಲೆ ಕ್ವಾಪ. ಎದ್ರುಗ್ ಓದ್ರೆ ಇನ್ನೂ ಬೀಳಿಸ್ತನೆ."

ಆ ಅಜ್ಜಿ ಗಾಬರಿಯಾಗಲಿಲ್ಲ. ಯಾರು ಹೇಳಿದರು ಎಂದು ಕೇಳಿದರು. ಸಿಂಚನ ಬಂಡಳ್ಳಿಯ ಶಾಸ್ತ್ರವನ್ನೂ ದಕ್ಷನ ಕಥೆಯನ್ನೂ ಹೇಳಿದಳು.

"ಅರ್ಧ ಕೇಳ್ಕಂಡು ಬಂದಿದ್ದೀಯ ಕಣವ್ವಾ. ಮಾರ್ನೇ ದಿನುದ್ ಕತೆ ಕೇಳ್ನಿಲ್ವಾ?"

"ಅವತ್ತು ನಂಗ್ ಬಂದಿತ್ತು. ಓಗ್ನಿಲ್ಲ."

"ಆಮೇಕೆ ಶಿವ ಬತ್ತನೆ. ಯಾರ್ನೂ ಕಳ್ಸಲ್ಲ, ತಾನೇ ಬತ್ತನೆ. ಬಿದ್ದೋರ್ನೆಲ್ಲ ಏಳುಸ್ತನೆ. ಕಣ್ ಓದೋನ್ಗೆ ಇನ್ನೊಬ್ರ ಕಣ್ಣಲ್ಲಿ ನೋಡು ಅಂತನೆ. ಅಲ್ಲು ಓದೋನ್ಗೆ ನುಣ್ಗೆ ಇಟ್ ಮಾಡ್ಕಂಡ್ ಉಣ್ಣು ಅಂತನೆ. ಆ ದಕ್ಷುನ್ಗೂ ಕುರಿ ತಲೆ ಇಟ್ಟು ಜೀವ ಕೊಡ್ತನೆ. ಒಬ್ಬುನ್ನಾರ ಅಂಗೇ ಬುಟ್ಟು ಓಗ್ನಿಲ್ಲ."

ಸಿಂಚನ ಬಿಡಲಿಲ್ಲ. "ಮೊದ್ಲೇ ಸುಮ್ಕಿದ್ದಿದ್ರೆ ಏಳುಸೋ ಕೆಲ್ಸನೇ ಇರ್ನಿಲ್ವಲ್ಲಜ್ಜಿ?"

ಅಜ್ಜಿ ಬೊಚ್ಚುಬಾಯಿ ತೆರೆದು ನಕ್ಕರು. ಆಮೇಲೆ ನಗು ನಿಂತಿತು. "ಅದು ನಂಗೂ ಗೊತ್ತಿಲ್ಲ ಕಣ್ ಮಗಾ. ಆದ್ರೆ ಅವ್ನ್ ಎಡ್ತಿ ಬೆಂದೋಗಿದ್ಲಲ್ಲ. ಅದು ಸಂಕಟದ್ ಕ್ವಾಪ. ನನ್ ಮಗ ಒಳೇಲಿ ಕೊಚ್ಕಂಡ್ ಓದಾಗ ನಾನೂ ಕಂಡೋರ್ನೆಲ್ಲ ಬೋದೆ. ಈ ಮಾದಪ್ಪುನ್ನೂ ಬಾಯಿಗ್ ಬಂದಂಗ್ ಬೋದೆ. ಅವ್ನು ನಂಗೇನೂ ಮಾಡ್ನಿಲ್ಲ. ವರ್ಸಾ ವರ್ಸಾ ಬತ್ತಿವ್ನಿ, ಬಾ ಅಂತನೆ. ನೀನ್ ಯಾರ್ನ ಸುಟ್ಟಿದ್ದೀಯ ಅಂತ ನಿನ್ ಮ್ಯಾಲೆ ಮುನುಸ್ಕಂಡನು?"

ಸಿಂಚನ ತಲೆ ತಗ್ಗಿಸಿ, ತುಂಬ ಸಣ್ಣ ದನಿಯಲ್ಲಿ ಕೇಳಿದಳು: "ಅಂಗಾರೆ ಮಾತ್ರೆ ನುಂಗುದ್ರೂ ಮುನುಸ್ಕಳಲ್ವಾ?"

"ಯಾವ್ ಮಾತ್ರೆ?" ಎಂದೆ ನಾನು.

ಆಗ ಹೊರಬಿತ್ತು. ದೇವರು ಹಿಡಿದ ಕಾಯಿಲೆಗೆ ಡಾಕ್ಟರ ಮದ್ದು ಕೊಟ್ಟರೆ ದೇವರು ಇನ್ನೂ ಕೆರಳುತ್ತಾನೆ ಎಂದು ಬಂಡಳ್ಳಿಯವನು ಅವಳ ಎದುರಿಗೇ ಹೇಳಿದ್ದನಂತೆ. ಅತ್ತೆ ಆ ಮಾತನ್ನು ಅಲ್ಲೇ ಬಿಟ್ಟುಬಂದಿದ್ದರು, ಮಗು ಬಿಟ್ಟುಬಂದಿರಲಿಲ್ಲ. ನಾನು ಕೊಟ್ಟ ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು, ನಾನು ಅತ್ತ ತಿರುಗಿದ ಮೇಲೆ ತಿಪ್ಪೆಗೆ ಉಗುಳುತ್ತಿದ್ದಳು. ದೇವರನ್ನು ಸಮಾಧಾನ ಮಾಡಲು ಅವಳಿಗೆ ತೋಚಿದ ದಾರಿ ಅದು. ತಿಂಗಳುಗಟ್ಟಲೆ ಅವಳೊಬ್ಬಳೇ ಆ ಭಯವನ್ನು ಹೊತ್ತಿದ್ದಳು.

ಯಜಮಾನರು ಮುಖ ಆ ಕಡೆ ಮಾಡಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಅತ್ತೆ ನನ್ನ ಬ್ಯಾಗಿಗೆ ಕೈ ಹಾಕಿ ಮಾತ್ರೆಯ ಸ್ಟ್ರಿಪ್ ಹುಡುಕಿ ತೆಗೆದರು. ಓದು ಬಾರದ ಅವರು ಅದನ್ನು ನನಗೆ ತೋರಿಸಿ "ಇದೇನಾ?" ಎಂದು ಕೇಳಿಕೊಂಡು, ಒಂದನ್ನು ಬಿಡಿಸಿ, ಮೊಮ್ಮಗಳ ಮುಂದೆ ನೆಲದ ಮೇಲೆ ಕೂತರು.

"ನುಂಗು ನನ್ ಕಂದಾ. ಅವ್ನ್ ಬಾಗ್ಲಲ್ಲೇ ನಾನ್ ಕೊಡ್ತಿವ್ನಿ. ಕ್ವಾಪ ಬಂದ್ರೆ ಈ ಮುದ್ಕಿ ಮ್ಯಾಲೆ ಬರ್ಲಿ."

ಸಿಂಚನ ತನ್ನ ಅಜ್ಜಿಯ ಮುಖ ನೋಡಿದಳು, ಗೋಪುರದ ಕಡೆ ನೋಡಿದಳು, ನುಂಗಿದಳು. ಆಮೇಲೆ ತಾನೇ ಎದ್ದು, "ಬಾರವ್ವಾ, ಸಾಲು ಉದ್ದಾಯ್ತದೆ" ಎಂದಳು. ಗರ್ಭಗುಡಿಯ ಮುಂದೆ ಅವಳು ಕಣ್ಣು ಮುಚ್ಚಲಿಲ್ಲ. ನೆಟ್ಟ ನೋಟದಲ್ಲಿ ಅವನನ್ನೇ ನೋಡುತ್ತ ನಿಂತಿದ್ದಳು. ನಾನು ಅವನು ಎಂಥವನೆಂದು ತಿಳಿಸು ಎಂದಿದ್ದೆನಲ್ಲ, ಆ ಹೊತ್ತಿನಲ್ಲಿ ನನಗೆ ತಿಳಿಯಿತು. ಬೀಳಿಸುವವನು ಅಷ್ಟು ದೂರದಿಂದ ಒಬ್ಬ ಅಜ್ಜಿಯನ್ನು ಕರೆಸಿ, ಮಂಡಿನೋವು ಕೊಟ್ಟಾದರೂ ಅದೇ ಕಂಬದ ಬಳಿ ಕೂರಿಸುತ್ತಿದ್ದನೇ?

ಇಳಿದು ಬಂದವರೇ ಡಾಕ್ಟರಮ್ಮನಿಗೆ ಎಲ್ಲ ಹೇಳಿದೆವು. ಅವರು ಬೈಯಲಿಲ್ಲ. ಸಿಂಚನಳ ಕೆನ್ನೆ ತಟ್ಟಿ, ಮೊದಲಿನಿಂದ ಶುರುಮಾಡೋಣ ಎಂದರು. ಆ ಚಳಿಗಾಲದಲ್ಲಿ ಎರಡು ಸಲ ಬಂತು. ಆಮೇಲೆ ಬರಲಿಲ್ಲ. ಈಗ ಅವಳು ಒಂಬತ್ತನೇ ಕ್ಲಾಸು. ಮಾತ್ರೆ ಇನ್ನೂ ನಡೆಯುತ್ತಿದೆ, ಡಾಕ್ಟರಮ್ಮ ಹೇಳುವವರೆಗೂ ನಡೆಯುತ್ತದೆ.

ನನ್ನ ಪ್ರಶ್ನೆಗಳೆಲ್ಲ ತೀರಿದವು ಎಂದು ಹೇಳಲಾರೆ. ವೀರಭದ್ರನ ಕತ್ತಿ ನೋಡಿದರೆ ಈಗಲೂ ಒಮ್ಮೊಮ್ಮೆ ಮನಸ್ಸು ತಡೆಯುತ್ತದೆ. ಆದರೆ ಕೇಳಿದ್ದಕ್ಕೆ ಅವನು ಮುನಿಯುವುದಿಲ್ಲ ಎನ್ನುವುದು ನನಗೆ ಗೊತ್ತು.

ಹೋದ ತಿಂಗಳು ನಮ್ಮ ಒಂದು ಬೆಳೆ ಹುಳುವಿಗೆ ಹಾಲುತೊಂಡೆ ರೋಗ ಬಂದು ಪೂರ್ತಿ ಕೈಬಿಟ್ಟಿತು. ಅತ್ತೆ ಹಳೇ ಅಭ್ಯಾಸದಲ್ಲಿ ಹಣೆಗೆ ಕೈ ಹಚ್ಚಿ, "ಏನ್ ತಪ್ಪಾಯ್ತೋ, ಯಾರ್ ಮುನುಸ್ಕಂಡ್ರೋ" ಎಂದು ಶುರುಮಾಡಿದರು. ಸಿಂಚನ ಲಂಗ ಎತ್ತಿ ಕಟ್ಟಿಕೊಂಡು, ಬಕೀಟು ಹಿಡಿದು ಬಂದಳು.

"ಅಜ್ಜೀ, ಉಳುಗೆ ಕಾಯ್ಲೆ ಬಂದದೆ. ಅದ್ರಲ್ಲಿ ಮಾದಪ್ಪುನ್ ಯಾಕ್ ಎಳೀತೀಯ, ಪಾಪ! ಬ್ಲೀಚಿಂಗ್ ಪೌಡ್ರು ಕಲ್ಸು, ಉಳುವಿನ್ ಮನೆ ತೊಳೆಯನ."

ಅತ್ತೆ ನಗುತ್ತ ಎದ್ದರು. ಇಬ್ಬರೂ ಸೇರಿ ಗೋಡೆ ತೊಳೆಯುತ್ತಿದ್ದಾಗ ನಾನು ಬಾಗಿಲಲ್ಲಿ ನಿಂತು ಮಾದಪ್ಪನಿಗೆ ಕೈಮುಗಿದೆ. ನಿನ್ನ ಹೆಸರು ಕೇಳಿದರೆ ನಡುಗುತ್ತಿದ್ದ ಹುಡುಗಿ ಇವತ್ತು ನಿನ್ನ ಪರ ಮಾತಾಡುತ್ತಿದ್ದಾಳೆ ತಂದೆ, ಉಘೇ.