ಅತ್ತೆ ಹಾಕದ ಸಹಿ

ತಿರುಪ್ಪೂರಿಗೆ ಕೆಲಸಕ್ಕೆಂದು ಹೋದ ಗಂಡ ಮೂರು ವರ್ಷವಾದರೂ ಬರಲಿಲ್ಲ. ಅಲ್ಲಿ ಬೇರೆ ಸಂಸಾರ ಹೂಡಿದ್ದಾನೆಂದು ಕಂಡವರೇ ಬಂದು ಹೇಳಿದರು. ನಾನು ಎಂಟು ವರ್ಷದ ಮಗಳನ್ನು ಕಟ್ಟಿಕೊಂಡು ಎಡಪ್ಪಾಡಿಯಲ್ಲಿ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೆ. ಹಗಲೆಲ್ಲ ಮಗ್ಗದವರ ಮನೆಯಲ್ಲಿ ನೂಲು ಸುತ್ತುವ ಕೆಲಸ. ಮನೆಯ ಒಡತಿ ಬಾಡಿಗೆ ಏರಿಸಿದಾಗ ನನಗೆ ದಿಕ್ಕು ತೋಚಲಿಲ್ಲ. ಒಂಟಿಯಾಗಿ ಮಕ್ಕಳನ್ನು ಸಾಕುವವರಿಗೆ ಬಾಡಿಗೆಗೆ ನೆರವು ಕೊಡುತ್ತಾರೆಂದು ಜೊತೆ ಕೆಲಸದವಳು ಒಂದು ಆಫೀಸಿಗೆ ಕರೆದೊಯ್ದಳು.

ಅಲ್ಲಿದ್ದ ಹೆಂಗಸು ಒಳ್ಳೆಯವಳೇ. ಕೂರಿಸಿ, ನೀರು ಕೊಟ್ಟು, ಗಂಡ ಬಿಟ್ಟುಹೋಗಿದ್ದಾನೆ ಎಂಬ ಸರ್ಟಿಫಿಕೇಟು ಬೇಕು ಎಂದಳು. ಅದಕ್ಕೆ ಅವನ ಊರಿನವರು, ಅವನ ಮನೆಯವರು ಸಹಿ ಹಾಕಬೇಕು. ಅವನ ಮನೆಯವರೆಂದರೆ ಅತ್ತೆ ಒಬ್ಬಳೇ.

ಮಗಳೊಂದಿಗೆ ಪೆನ್ನಾಗರಂ ಕಡೆಯ ಅವಳ ಹಳ್ಳಿಗೆ ಹೋದೆ. ಅತ್ತೆ ಮೊಮ್ಮಗಳನ್ನು ಎದುರಿಗೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆದಳು. ಮುದ್ದೆ, ಅವರೆಕಾಳು ಸಾರು ಬಡಿಸಿದಳು. ಮೂರು ವರ್ಷದಿಂದ ಯಾರೂ ತೊಡದ ಅವನ ಅಂಗಿ ಒಗೆದು ಹಗ್ಗದ ಮೇಲೆ ಹರವಿತ್ತು. ಊಟವಾದ ಮೇಲೆ ಕಾಗದ ತೆಗೆದು, ತಮಿಳಿನಲ್ಲಿದ್ದುದನ್ನು ನಮ್ಮ ಕನ್ನಡದಲ್ಲಿ ಹೇಳಿ, ಅವಳು ಕೈಯೆಳುತ್ತು, ಅಂದರೆ ಸಹಿ, ಹಾಕಬೇಕಾದ ಜಾಗ ತೋರಿಸಿದೆ.

"ಬಿಟ್ಟೋಗವ್ನೆ ಅಂತ ಬರ್ದೈತಾ?"

"ಊಂ ಅತ್ತೆ."

"ಅವ್ನು ಕೆಲ್ಸಕ್ಕೋಗವ್ನೆ ಕಣಮ್ಮ. ಪೊಂಗಲ್‌ಗೆ ಬತ್ತೀನಿ ಅಂದವ್ನೆ."

"ಯಾವಾಗ ಅಂದ್ರು?"

ಅವಳು ಎದ್ದು ಹಗ್ಗದ ಮೇಲಿನ ಅಂಗಿ ತೆಗೆದು ಮಡಿಸಿದಳು. "ಎತ್ತ ತಾಯೇ ಬಿಟ್ಟೋಗವ್ನೆ ಅಂತ ಕೈಯೆಳುತ್ತು ಆಕ್ಬುಟ್ರೆ, ಅವ್ನು ಯಾವ ಮನೆಗೆ ಬರ್ಬೇಕು? ನನ್ ಕೈಲಾಗಕಿಲ್ಲ."

ಜಗಳಕ್ಕೆ ಸಿದ್ಧಳಾಗಿಯೇ ಹೋಗಿದ್ದೆ. ಆದರೆ ಕಾಗದ ಮಡಿಸಿಕೊಂಡು ಸಂಜೆಯ ಬಸ್ಸು ಹತ್ತಿದೆ.

ಸರ್ಟಿಫಿಕೇಟು ಇಲ್ಲದೆ ಅರ್ಜಿ ತೆಗೆದುಕೊಳ್ಳಲಿಲ್ಲ. ಒಡತಿ ಮನೆ ಖಾಲಿ ಮಾಡು ಎಂದಳು. ಬೇರೆ ಮನೆ ಕೇಳಲು ಹೋದಲ್ಲೆಲ್ಲ ಮೊದಲ ಮಾತು ಒಂದೇ: "ನಿಮ್ ಮನೆಯವ್ರು ಎಲ್ಲವ್ರೆ?" ಒಂದೆರಡು ಕಡೆ ಊರಿಗೆ ಹೋಗಿದ್ದಾರೆ ಎಂದು ಸುಳ್ಳು ಹೇಳಿದೆ. ಅವರು ಬಂದ ಮೇಲೆ ಬಾ ಎಂದರು.

ಕೊನೆಗೆ ನಾನು ಮಗ್ಗದ ಮನೆಯ ಮೇಲಿನ ಕೋಣೆಯಲ್ಲಿ ನಾಲ್ಕು ಹೆಂಗಸರ ಜೊತೆ ಸೇರಿಕೊಂಡೆ. ಮಕ್ಕಳಿಗೆ ಅಲ್ಲಿ ಜಾಗವಿರಲಿಲ್ಲ. ಮಗಳನ್ನು ಹಳ್ಳಿಯಲ್ಲಿ ಬಿಡಲು ಹೋದ ದಿನ ಅತ್ತೆ ಬಟ್ಟೆಯ ಚೀಲ ಇಸಿದುಕೊಳ್ಳುತ್ತಾ, "ಇವ್ಳು ಇಲ್ಲಿದ್ರೆ ಅವ್ನೂ ಬಿರ್‌ಬಿರ್ನೆ ಬತ್ತಾನೆ" ಎಂದಳು. ನಾನು ಹೂಂ ಎಂದೆ. ಮಗಳು ನನ್ನ ಸೆರಗು ಬಿಡಲಿಲ್ಲ; ಅತ್ತೆಯೇ ಬೆರಳು ಒಂದೊಂದಾಗಿ ಬಿಡಿಸಿದಳು.

ಮೊದಮೊದಲು ಮಗಳು ಫೋನಿನಲ್ಲಿ "ಮನೆ ಸಿಕ್ತಾ ಅವ್ವಾ?" ಎಂದು ಕೇಳುತ್ತಿದ್ದಳು. ನೋಡ್ತಾ ಇದೀನಿ ಎನ್ನುತ್ತಿದ್ದೆ. ಈಗ ಆಡು ಮರಿ ಹಾಕಿದ ಸುದ್ದಿ ಹೇಳಿ, ಅಜ್ಜಿ ಕರೀತವ್ಳೆ ಎಂದು ಇಟ್ಟುಬಿಡುತ್ತಾಳೆ.