ನೀರು ಹಾಕುವುದು ಅಂದರೆ

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಮನೆಯವರು ಹೇಳುತ್ತಾರೆ. ಇರಲಿ. ಮೂರು ವರ್ಷವಾದರೂ ಈ ಸಿಟ್ಟು ಮಾತ್ರ ಇಳಿದಿಲ್ಲ.

ಹುಣಸೂರಿನ ನಮ್ಮ ಮನೆಯ ಜಗಲಿಯಲ್ಲಿ ಒಂದು ಜೊತೆ ಲವ್ ಬರ್ಡ್ಸ್ ಇದ್ದವು, ಒಂದು ಹಸಿರು, ಒಂದು ನೀಲಿ. ಪುಕ್ಕ ಮಿರಮಿರ ಮಿಂಚುತ್ತಿತ್ತು. ಅದಕ್ಕೆ ನಾನು ಮಾಡುತ್ತಿದ್ದುದು ಇಷ್ಟೇ. ಬೆಳಗಿನ ಬಿಸಿಲಿಗೆ ಪಂಜರದೊಳಗೆ ಅಗಲವಾದ ತಟ್ಟೆಯಲ್ಲಿ ಒಂದು ಬೆರಳು ನೀರಿಡುವುದು. ಮೀಯುವ ಕೆಲಸ ಅವುಗಳದೇ. ರೆಕ್ಕೆ ಬಡಿದು ನನ್ನ ಸೀರೆಯನ್ನೂ ನೆನೆಸುತ್ತಿದ್ದವು.

ಪಿರಿಯಾಪಟ್ಟಣದಲ್ಲಿ ಎರಡು ದಿನದ ಮದುವೆ. ಮನೆ ನೋಡಿಕೊಳ್ಳಲು ಬಿಳಿಕೆರೆಯಿಂದ ಸೋದರತ್ತೆಯನ್ನು ಕರೆಸಿದೆ. ಬಸ್ಸಿಗೆ ಹೊತ್ತಾಗಿತ್ತು. ಚಪ್ಪಲಿ ಮೆಟ್ಟುತ್ತಾ ಹೇಳಿದೆ: “ಅತ್ತೆ, ಬೆಳಿಗ್ಗೆ ಹಕ್ಕಿಗಳಿಗೆ ನೀರು ಹಾಕೋದು ಮರೀಬೇಡಿ.”

“ನೀರಾಕೋದ ನಂಗೇಳ್ಕೊಡ್ತೀಯಾ? ನೀನೋಗವ್ವ,” ಅಂದರು.

ಯಾರಿಗೆ ಹೇಳಿದೆ ನೋಡಿ. ಬಿಳಿಕೆರೆ ಸುತ್ತಿನ ಅರ್ಧ ಕೂಸುಗಳಿಗೆ ನೀರು ಹಾಕಿದ ಕೈ ಅದು. ಅವರಿಗೆ ನೀರು ಹಾಕುವುದು ಅಂದರೆ ಹರಳೆಣ್ಣೆ ತಿಕ್ಕಿ, ಬಿಸಿನೀರು ಹುಯ್ದು, ಕೊನೆಗೆ ಸಾಂಬ್ರಾಣಿ ಹೊಗೆ ಕೊಡುವುದು. ತಟ್ಟೆ ಅನ್ನುವ ಒಂದು ಪದ ಸೇರಿಸಲು ನನಗೇನು ಬಾಯಿ ಬಿದ್ದುಹೋಗಿತ್ತೇ?

ವಾಪಸು ಬಂದಾಗ ಜಗಲಿಯೆಲ್ಲ ಸಾಂಬ್ರಾಣಿ ವಾಸನೆ. ನೀಲಿ ಹಕ್ಕಿಯನ್ನು ಅತ್ತೆ ಆಗಲೇ ಹಿತ್ತಲಲ್ಲಿ ಹೂತಿದ್ದರು. ಹಸಿರು ಹಕ್ಕಿ ಎಣ್ಣೆಗೆ ಪುಕ್ಕ ಅಂಟಿಕೊಂಡು, ಪಂಜರದ ಮೂಲೆಯಲ್ಲಿ ನಡುಗುತ್ತಿತ್ತು.

“ಅದು ಮೊದ್ಲೇ ಸೊರಗಿತ್ತು ಕಣವ್ವ. ಇದುಕ್ಕೇನಾಗಲ್ಲ ಬುಡು,” ಅಂದರು.

ಬಾಯಿಗೆ ಬಂದಂತೆ ಬೈದೆ. ಹಿರಿಯರು ಅಂತಲೂ ನೋಡಲಿಲ್ಲ. ಹಕ್ಕಿಯನ್ನು ಬಟ್ಟೆಯಲ್ಲಿ ಸುತ್ತಿ ದನದ ಆಸ್ಪತ್ರೆಗೆ ಓಡಿದೆ. ಪುಕ್ಕಕ್ಕೆ ಎಣ್ಣೆ ಹಿಡಿದರೆ ಮೈ ಬಿಸಿ ನಿಲ್ಲುವುದಿಲ್ಲ, ಬೆಚ್ಚಗಿಟ್ಟು ನೋಡಿ ಎಂದರು ಡಾಕ್ಟರು. ರಟ್ಟಿನ ಡಬ್ಬದ ಮೇಲೆ ಬಲ್ಬು ಇಳಿಬಿಟ್ಟು ಎರಡು ದಿನ ಕಾದೆ. ಮೂರನೆಯ ದಿನ ಮಧ್ಯಾಹ್ನ ಅದೂ ಹೋಯಿತು.

ಅತ್ತೆ ಬಾಗಿಲ ಬಳಿ ನಿಂತು ನೋಡುತ್ತಿದ್ದರು. “ನಿಂಗೂ ಇದೇ ಕೈಲಿ ನೀರಾಕಿದ್ದು ಕಣವ್ವ,” ಅಂದರು ಮೆಲ್ಲಗೆ. “ನೀನು ಉಳೀಲಿಲ್ವಾ?”

“ಬಿಸಿ ತಾಗಿದಾಗ ಅವು ಕೂಗಲಿಲ್ವಾ ಅತ್ತೆ?” ಎಂದು ಕೇಳಿದೆ.



“ಕಿರುಚ್ಕೊಂಡ್ವು,” ಅಂದರು. “ಕೂಸುಗಳೂ ಕಿರುಚ್ತವಲ್ಲ. ಅದ್ಕೇ ಬುಡಲಿಲ್ಲ.”