ಪರದೆಯ ಹಗ್ಗ

ನಮ್ಮ ಮದುವೆಯ ಕಥೆಯನ್ನು ನನ್ನ ಗಂಡ ಬಹಳ ಚೆನ್ನಾಗಿ ಹೇಳುತ್ತಾನೆ. ಅವನ ಮೇಲೆ ನನಗಿರುವ ದೊಡ್ಡ ಸಿಟ್ಟು ಅದೇ.

ಅವನು ಹೇಳುವುದು ಹೀಗೆ. ಮುಂಬೈ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವ. ನಾನೇ ಬರೆದು, ನಾನೇ ನಟಿಸಿದ ನಾಟಕ. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಅವನದು ಕಾರ್ಯಕ್ರಮದ ಉಸ್ತುವಾರಿ. ಕೊನೆಯ ಮಾತಿಗೆ ನಾನು ಬಾಯಿ ತೆರೆದಾಗ ಹೊತ್ತು ಮೀರಿತೆಂದು ಪರದೆ ಎಳೆಸಿದ. ನಾನು ರಣಚಂಡಿಯಾದೆ. ಆಮೇಲೆ ಕಂಡಲ್ಲೆಲ್ಲ ಜಗಳ. ಒಂದು ಬೆಳಿಗ್ಗೆ ಅವನು, ಇಲ್ಲಿ ಎಲ್ಲರೂ ಮಾಡುವ ಹಾಗೆ, ಠಾಣೆ ಊರಿಗೆ ಹೋಗಬೇಕಾದವನು ಮೊದಲು ಉಲ್ಟಾ ದಿಕ್ಕಿನ ಕಲ್ಯಾಣ ಸ್ಟೇಷನ್ನಿಗೆ ಹೋಗಿ, ಅಲ್ಲಿ ಖಾಲಿಯಾದ ಲೋಕಲ್ ರೈಲಿನಲ್ಲಿ ಸೀಟು ಹಿಡಿದು ಬಂದ. ಡೊಂಬಿವಲಿಯಲ್ಲಿ ನೂಕಿಕೊಂಡು ಹತ್ತಿದ ನನಗೆ ಎದ್ದು ಸೀಟು ಕೊಟ್ಟ. "ಅಲ್ಲಿಗೆ ಮೇಡಂ ಫಿನಿಶ್!" ಎನ್ನುತ್ತಾನೆ. ಎಲ್ಲರೂ ನಗುತ್ತಾರೆ.

ನನಗೆ ನೆನಪಿರುವ ಆ ಬೆಳಿಗ್ಗೆ ಅವನು ಕಿಟಕಿಗೆ ತಲೆ ಆನಿಸಿ, ಬಾಯಿ ತೆರೆದು ನಿದ್ದೆ ಹೊಡೆಯುತ್ತಿದ್ದ. ಸೀಟು ಬಿಟ್ಟದ್ದು ಪಕ್ಕದಲ್ಲಿದ್ದ ಒಬ್ಬ ಮರಾಠಿ ಅಜ್ಜ. ಅಥವಾ ಸಿಟ್ಟಿನಲ್ಲಿ ಆ ಅಜ್ಜನನ್ನು ನಾನೇ ಅಲ್ಲಿ ಕೂರಿಸಿರಬಹುದು. ನನ್ನ ನೆನಪಿಗೆ ನಾನೇ ಜಾಮೀನು ನಿಲ್ಲಲಾರೆ. ಒಂದು ಮಾತ್ರ ಖಾತ್ರಿ: ಎರಡು ಕಥೆಯಲ್ಲೂ ಅವನು "ತಪ್ಪಾಯಿತು" ಎಂದಿಲ್ಲ.

ಹಾಗಿದ್ದೂ ಅವನನ್ನು ಯಾಕೆ ಮದುವೆಯಾದೆ? ನನ್ನ ಜೊತೆ ಅಷ್ಟು ಗಮನವಿಟ್ಟು ಜಗಳವಾಡಿದವರು ಬೇರೆ ಯಾರೂ ಇರಲಿಲ್ಲ. ಇವತ್ತಿನ ಉತ್ತರ ಇದು. ನಾಳೆ ಬೇರೆ ಹೇಳಿಯೇನು.

ಮಗಳು ಮೊಬೈಲಿನಲ್ಲಿ ಓದುವುದೆಲ್ಲ ಇಂಥ ಪ್ರೇಮದ ಕಾದಂಬರಿಗಳೇ. ಮೊದಲ ಪುಟದಲ್ಲಿ ಹಲ್ಲು ಕಡಿದವರು ಕೊನೆಯ ಪುಟದಲ್ಲಿ ತಬ್ಬಿಕೊಳ್ಳುತ್ತಾರೆ. ಅವಳು ಮಲಗಿದ ಸೋಫಾದ ಹಿಂದೆ ನಿಂತು, ಬಟ್ಟೆ ಮಡಚುತ್ತ, ನಾನೂ ಕದ್ದು ಓದುತ್ತೇನೆ.

"ಮಮ್ಮಾ, ಯೇ ತೋ ಆಪ್ ದೋನೋಂ ಕೀ ಸ್ಟೋರಿ ಹೈ!"

"ನಮ್ಮಿಬ್ಬರ ಕಥೆ ಅಲ್ಲ. ಇದರಲ್ಲಿ ಅವ ಕ್ಷಮೆ ಕೇಳ್ತಾನೆ."

ನಾನು ಕಾಯುವುದು ಆ ಅಧ್ಯಾಯಕ್ಕೆ. ಮುತ್ತು ಯಾರಿಗೆ ಬೇಕು? ಸೊಕ್ಕಿನ ಗಂಡಸು ಬಂದು ನಿಂತು, ತಾನು ಮಾಡಿದ್ದನ್ನು ಒಂದೊಂದಾಗಿ, ಅವಳ ಕಣ್ಣು ನೋಡಿ ಒಪ್ಪಿಕೊಳ್ಳಬೇಕು. ಮೊದಲಿನಿಂದ ಒಳ್ಳೆಯವನಾಗಿದ್ದವನ ಪ್ರೇಮದಲ್ಲಿ ಆ ಸುಖ ಎಲ್ಲಿದೆ? ಪ್ರೇಮಕಥೆಯ ಸೀರೆ ಉಟ್ಟು ಬಂದ ಸೇಡಿನ ಕಥೆಗಳು ಇವು. ನಮ್ಮ ಮದುವೆಯಲ್ಲಿ ಆ ಅಧ್ಯಾಯವೇ ಬಿಟ್ಟುಹೋಗಿದೆ. ನನಗೆ ಅದು ಬೇಕಿತ್ತು.

ಕಳೆದ ವಾರ್ಷಿಕೋತ್ಸವದಲ್ಲಿ ಸಂಘದವರು ಇಂಥ ಕಾದಂಬರಿಗಳ ಬಗ್ಗೆ ನನ್ನಿಂದ ವೇದಿಕೆಯಲ್ಲಿ ಭಾಷಣ ಮಾಡಿಸಿದರು. ಯಾರನ್ನೂ ಹೆಸರಿಸದೆ ಇದನ್ನೇ ಹೇಳಿದೆ. ಮುಂದಿನ ಸಾಲಿನಲ್ಲಿದ್ದ ಗಂಡ ಕಾಲ ಮೇಲೆ ಕಾಲು ಹಾಕಿ ಕೇಳಿದ. ನಾನು ಮುಗಿಸುವುದೇ ತಡ, ಧಾರವಾಡ ಕಡೆಯ ಕಾರ್ಯದರ್ಶಿ ಮೈಕು ಹಿಡಿದರು.

"ಅಕ್ಕಾರು ಭಾರೀ ಹೇಳಿದ್ರು! ಜೀವಂತ ಉದಾಹರಣಿ ಇಲ್ಲೇ ಕುಂತಾರ. ಬರ್ರೀ ಸರ, ನಿಮ್ಮ ಕಥಿ ನೀವ ಹೇಳ್ರಿ."

ಕಾದಿದ್ದವನಂತೆ ಎದ್ದು ಬಂದ. ನಾನು ರಂಗದ ಬದಿಗೆ ಸರಿದೆ. ಅದೇ ಸಭಾಂಗಣ, ಅದೇ ಕೆಂಪು ಪರದೆ ಎಂದು ಬರೆಯಲು ಕೈ ತುರಿಸುತ್ತದೆ. ಪರದೆ ಈ ನಡುವೆ ಬದಲಾಗಿದೆ, ಈಗಿನದು ನೀಲಿ. ಅದನ್ನು ಎಳೆಯುವ ಹಗ್ಗ ಮಾತ್ರ ನನ್ನ ಮೊಣಕೈಗೆ ತಾಗುತ್ತಿತ್ತು.

ನಾಟಕ ಹೇಳಿದ. ರಣಚಂಡಿ ಹೇಳಿದ. ಸೀಟು ಕೊಟ್ಟ. "ಮೇಡಂ ಫಿನಿಶ್!" ಎಂದ. ನಗು ತಗ್ಗುವ ತನಕ ಕಾದು, "ಆದ್ರೆ ಒಂದ್ ಮಾತು..." ಎಂದ.

ಎಳೆದೆ.

ಅವನ ಮೂಗಿನ ಮುಂದೆ ಪರದೆ ಬಂದು ಕೂಡಿತು. ಮೊದಲೇ ಗೊತ್ತುಮಾಡಿದ ತಮಾಷೆ ಎಂದುಕೊಂಡು ಸಭೆ ಚಪ್ಪಾಳೆ ತಟ್ಟಿತು. ಅಂಥ ತೃಪ್ತಿ ನನಗೆ ತಾಳಿ ಕಟ್ಟಿಸಿಕೊಂಡಾಗಲೂ ಆಗಿರಲಿಲ್ಲ.

ಹೊರಗೆ, ಹತ್ತಿದವರೆಲ್ಲ ಬಾಡಿಗೆ ಹಂಚಿಕೊಳ್ಳುವ ಶೇರ್ ರಿಕ್ಷಾದ ಸಾಲಿನಲ್ಲಿ ನಿಂತೆವು.

"ಇನ್ನೊಂದೇ ಒಂದು ವಾಕ್ಯ ಇತ್ತು ಕಣೇ."

"ಹೊತ್ತು ಮೀರಿತ್ತು ಮಾರಾಯ್ರೆ. ನನಗೂ ಒಂದೇ ಇದ್ದದ್ದು."

ಸಾಲು ಮುಂದೆ ಸರಿಯಿತು. ಅವನು ರಿಕ್ಷಾಗಳ ಕಡೆ ನೋಡುತ್ತಲೇ ಹೇಳಿದ: "ಅಲ್ಲಿ ನಾನು ಸಾರಿ ಕೇಳೋನಿದ್ದೆ. ಎಲ್ಲರ ಮುಂದೆ."

ಜಗಳದಲ್ಲಿ ಪಳಗಿದ ಮನುಷ್ಯ. ಈ ಮಾತನ್ನು ಸಾಲಿನಲ್ಲಿ ನಿಂತೇ ಹೊಸೆದಿರಬಹುದು. ನಿಜವೂ ಇರಬಹುದು. ಮುಖ ನೋಡಿದೆ; ಎರಡಕ್ಕೂ ಒಂದೇ ಮುಖ.

"ಹಾಗಾದರೆ ಈಗ ಹೇಳಿ."

"ಪರದೆ ಬಿತ್ತಲ್ಲ," ಎಂದ.

ರಿಕ್ಷಾ ಬಂತು. ಒಳಗೆ ಸರಿದು ಕೂತು ನನಗೆ ಜಾಗ ಬಿಟ್ಟ, ಕೈಯಿಂದ ಸೀಟು ಒರೆಸಿ ತೋರಿಸಿದ. ನಾನು ಹಿಂದಿದ್ದವರನ್ನು ಹತ್ತಿಸಿದೆ.

"ನೀವು ಹೋಗಿ. ನಾನು ಮುಂದಿನದರಲ್ಲಿ ಬರ್ತೇನೆ."